ಬಾಗಿಲೊಳಗಿನ ಪಾದರಕ್ಷೆಗಳು

ಅಮ್ಮಣ್ಣಿಯವರ ಮನೆಗೆ ಹೋದವರು ತಮ್ಮ ಪಾದರಕ್ಷೆಗಳನ್ನು ಬಾಗಿಲ ಹೊರಗೆ ಬಿಟ್ಟು ಬರುವಂತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಬಾರು ಬಿಚ್ಚುವಷ್ಟರಲ್ಲಿ, ಅರುವತ್ತೈದರ ಅಂಚಿನ ಆ ಹೆಂಗಸು, ಎಡಮೊಣಕಾಲಿನ ನೋವನ್ನು ಒಂದು ಸಣ್ಣ ಉಸಿರಿನಲ್ಲಿ ನುಂಗಿಕೊಂಡು ಬಗ್ಗಿ, ಬಂದವರ ಬೂಟನ್ನೋ ಚಪ್ಪಲಿಯನ್ನೋ ಹೂಮಾಲೆ ಎತ್ತುವ ಹಾಗೆ ಬೆರಳ ತುದಿಯಲ್ಲಿ ಎತ್ತಿಕೊಂಡು, ಬಾಗಿಲ ಹಿಂದಿನ ಗಿಡ್ಡ ಮರದ ಕಪಾಟಿನಲ್ಲಿರಿಸಿ, ಅದರ ಮುಂದಿನ ಹಸಿರು ಪರದೆಯನ್ನು ಎಳೆದು, ಆಮೇಲಷ್ಟೇ ತಲೆಯೆತ್ತಿ "ಬನ್ನಿ" ಎನ್ನುತ್ತಿದ್ದರು. ಅಬುಧಾಬಿಯ ಖಾಲಿದಿಯಾದ ಆ ಹಳೆಯ ಕಟ್ಟಡದ ಕಾರಿಡಾರಿನಲ್ಲಿ ಉಳಿದೆಲ್ಲ ಮನೆಗಳ ಮುಂದೆಯೂ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತು. ಒಳಗೆ ಎಷ್ಟು ಮಕ್ಕಳಿದ್ದಾರೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ನರ್ಸು ರಾತ್ರಿಪಾಳಿ ಮುಗಿಸಿ ಮಲಗಿದ್ದಾಳೆ ಎಂಬುದನ್ನು ಬಾಗಿಲು ತಟ್ಟದೆಯೇ ಓದಿಕೊಳ್ಳಬಹುದಿತ್ತು. ಇವರ ಬಾಗಿಲ ಮುಂದಿನ ಕಾಲೊರಸು ಮಾತ್ರ ಬರೆಯದ ಹಲಗೆಯ ಹಾಗೆ ಬೋಳಾಗಿರುತ್ತಿತ್ತು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ೨೦೧೪ರ ಚಳಿಗಾಲದಲ್ಲಿ. ಎಮಿರೇಟುಗಳಲ್ಲಿ ನೆಲೆಸಿದ ಕರಾವಳಿಯವರ ಬದುಕಿನ ಕಥನಗಳನ್ನು ಅವರ ಬಾಯಿಂದಲೇ ಕೇಳಿ, ಧ್ವನಿ ಮುದ್ರಿಸಿ, ಅಕ್ಷರಕ್ಕಿಳಿಸುವ ಕೆಲಸವನ್ನು ನಾನು ಓದಿದ ವಿಶ್ವವಿದ್ಯಾಲಯಕ್ಕಾಗಿ ಆಗ ಆರಂಭಿಸಿದ್ದೆ. ನನ್ನ ಧೂಳು ಹಿಡಿದ ರಬ್ಬರು ಚಪ್ಪಲಿಯನ್ನೂ ಅವರು ಅದೇ ಗೌರವದಿಂದ ಎತ್ತಿ, ಒಮ್ಮೆ ತಿರುವಿ ನೋಡಿ, ಪರದೆಯ ಹಿಂದಕ್ಕೆ ಕಳುಹಿಸಿದರು.

"ನಿಮ್ಮ ಚಪ್ಪಲಿ ನೋಡಿದ್ರೆ ಯಾರಿಗೂ ಸಂಶಯ ಬರ್ಲಿಕ್ಕಿಲ್ಲ ಮಾಸ್ಟ್ರೇ," ಎಂದರು. "ಆದ್ರೂ ಇರ್ಲಿ. ಕೈಗೆ ಅಭ್ಯಾಸ ಆಗಿ ಹೋಗಿದೆ."

ಅವರ ನಡಿಗೆಯನ್ನು ಕುರಿತು ಎರಡು ಮಾತು ಹೇಳಬೇಕು. ನೋವಿರುವ ಮೊಣಕಾಲನ್ನು ಮರೆಮಾಚಲು ಅವರು ಪ್ರತಿ ಹೆಜ್ಜೆಗೂ ಒಂದು ಕ್ಷಣದ ವಿರಾಮವನ್ನು ಕೊಡುತ್ತಿದ್ದರು. ವಿಲಂಬಿತ ಲಯದ ಹಾಡುಗಾರ್ತಿ ಸಮಕ್ಕೆ ಬಂದು ನಿಲ್ಲುವಾಗ ಕೊಡುವಂಥ ವಿರಾಮ. ಆದ್ದರಿಂದ ಅವರು ಕುಂಟುತ್ತಿದ್ದಾರೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಯಾವುದೋ ರಾಜಸಭೆಯನ್ನು ಪ್ರವೇಶಿಸುತ್ತಿದ್ದಾರೆ ಎನ್ನಿಸುತ್ತಿತ್ತು. ಸೀರೆಯ ಮೇಲೆ ಸದಾ ಒಂದು ಬೂದುಬಣ್ಣದ ಗಂಡಸರ ಕೋಟು. ಮನೆಯ ಕೆಳಗೇ ಇದ್ದ ಅವರ ಹೊಲಿಗೆಯಂಗಡಿಯಲ್ಲಿ ಏಸಿಯ ಚಳಿ ಹೆಚ್ಚೆಂಬುದು ನೆಪ. ಆ ಕೋಟು ಯಾರದಿರಬಹುದೆಂಬ ಬಗ್ಗೆ ಊರಿನಲ್ಲಿ ನಾಲ್ಕಾರು ಸಿದ್ಧಾಂತಗಳು ಪ್ರಚಲಿತವಿದ್ದವು: ಒಬ್ಬ ವಜ್ರವ್ಯಾಪಾರಿಯದು, ಒಬ್ಬ ವಿಮಾನದ ಪೈಲಟನದು, ತೀರಿಕೊಂಡ ಒಬ್ಬ ಗುತ್ತಿಗೆದಾರರದು. ನಾನು ಕೇಳಿದಾಗ ಅವರು ಎರಡೂ ಜೇಬಿಗೆ ಕೈಹಾಕಿ ಟೇಪು, ಕತ್ತರಿ, ಕನ್ನಡಕ, ಏಲಕ್ಕಿ ಡಬ್ಬಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. "ದುಬೈಯ ಕರಾಮ ಪೇಟೆಯಲ್ಲಿ ನಾನೇ ತೆಗೆದುಕೊಂಡದ್ದು. ಹೆಂಗಸರ ಬಟ್ಟೆಗೆ ಜೇಬು ಇಡುವವರಿಲ್ಲ. ಜೇಬು ಇಲ್ಲದವರು ಇನ್ನೊಬ್ಬರ ಜೇಬು ನೋಡ್ಬೇಕಾಗ್ತದೆ, ಅಲ್ವಾ?"

ಅಮ್ಮಣ್ಣಿ ಕರಾವಳಿಯ ಒಂದು ಕಲಾವಂತ ಮನೆತನದವರು. ಅಜ್ಜಿ ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದವರು. ತಾಯಿ, ಆ ಪ್ರಾಕಾರದ ಬಾಗಿಲು ಮುಚ್ಚಿದ ಮೇಲೆ, ಶ್ರೀಮಂತರ ಚಾವಡಿಗಳಲ್ಲಿ ಹಾಡಿದವರು. ಇವರು ಎಪ್ಪತ್ತರ ದಶಕದ ಕೊನೆಯಲ್ಲಿ ದುಬೈಯ ಒಂದು ಹೋಟೆಲಿನಲ್ಲಿ ಹಾಡಲು ವಿಮಾನ ಹತ್ತಿದವರು. ಮುಂದೆ ಹೋಟೆಲು ಬಿಟ್ಟು, ಅಬುಧಾಬಿಗೆ ಬಂದು, ಈ ತಮ್ಮದೇ ಮನೆಯಲ್ಲಿ ಹಾಡಿನ ಬೈಠಕ್ಕುಗಳನ್ನು ನಡೆಸಿದರು. ತೈಲದ ಹೊಸ ಐಶ್ವರ್ಯದಲ್ಲಿ ಮೇಲೆದ್ದ ನಮ್ಮ ಕಡೆಯ ವ್ಯಾಪಾರಿಗಳು, ವೈದ್ಯರು, ಬ್ಯಾಂಕಿನ ಮೇಲಧಿಕಾರಿಗಳು ತಮ್ಮ ಪ್ರತಿಷ್ಠೆಯ ಉತ್ತುಂಗವನ್ನು ಅಳೆಯುತ್ತಿದ್ದದ್ದೇ ಅಮ್ಮಣ್ಣಿಯ ಬೈಠಕ್ಕಿಗೆ ತಮಗೆ ಕರೆಯಿದೆಯೋ ಇಲ್ಲವೋ ಎಂಬುದರಿಂದ. ಒಬ್ಬ ಮಹಾಶಯರು ಅವರ ಹಾಡಿಗಾಗಿಯೇ ದುಬೈಯ ಖಾಡಿಯಲ್ಲಿ ಒಂದು ಮರದ ಹಡಗನ್ನು ಬಾಡಿಗೆಗೆ ಹಿಡಿದು, ದೀಪಗಳಿಂದ ಸಿಂಗರಿಸಿ, ನಗರದ ಗಣ್ಯರನ್ನೆಲ್ಲ ಕರೆಸಿ, ಮೊದಲ ಆಲಾಪದಲ್ಲೇ ತಾವು ಗೊರಕೆ ಹೊಡೆದರಂತೆ. "ನಾನು ಆ ಗೊರಕೆಯ ಶ್ರುತಿಗೇ ಹಾಡಿದೆ. ಹಾರ್ಮೋನಿಯಂನ ಕರಿ ಎರಡು," ಎಂದು ಅಮ್ಮಣ್ಣಿ ವಿವರಿಸಿದರು.

ಅವರನ್ನು ಯಾವ ಶಬ್ದದಿಂದ ಕರೆಯಬೇಕೆಂಬುದು ನನ್ನ ಶಾಸ್ತ್ರೀಯ ಶಿಕ್ಷಣಕ್ಕೆ ಒಂದು ಸಮಸ್ಯೆಯಾಗಿತ್ತು. ಗಣಿಕೆ ಎಂದರೆ ಕಾವ್ಯದ ವಾಸನೆ. ಉಳಿದ ಶಬ್ದಗಳಿಗೆ ಬೀದಿಯ ಕೆಸರು. ಸಂಕೋಚದಿಂದ ಅವರನ್ನೇ ಕೇಳಿದೆ.

"ಎದುರಿಗೆ ಕಲಾವಿದೆ ಅಂತಾರೆ, ಬೆನ್ನ ಹಿಂದೆ ಸೂಳೆ ಅಂತಾರೆ. ಪಕ್ಕದಲ್ಲಿ ಕೂತು ಮಾತಾಡಿದವರು ಕಡಿಮೆ ಮಾಸ್ಟ್ರೇ. ನೀವು ಹಾಡುವವಳು ಅಂತ ಬರ್ಕೊಳ್ಳಿ. ಹಾಡು ಮುಗಿದ ಮೇಲೆ ಯಾರು ಉಳೀಬೇಕು, ಯಾರು ಹೋಗ್ಬೇಕು ಅನ್ನುವುದು ನನ್ನ ಇಷ್ಟ ಆಗಿತ್ತು. ಉಳಿದವರು ಕೆಲವರು. ಅವರಲ್ಲಿ ಹೆಚ್ಚಿನವರು ಉಳಿದದ್ದು ಅಳ್ಲಿಕ್ಕೆ. ಅದನ್ನು ಯಾರಾದ್ರೂ ನಂಬ್ತಾರಾ?"

ಶುಕ್ರವಾರಗಳ ಸಂಜೆ, ಕೆಳಗಿನ ಮಸೀದಿಯ ಅಸರ್ ಬಾಂಗ್ ಮುಗಿದ ಮೇಲೆ, ನಮ್ಮ ಕೆಲಸ ನಡೆಯುತ್ತಿತ್ತು. ಆತ್ಮಕಥನವೆಂದರೆ ಹೆಸರುಗಳ ಮೆರವಣಿಗೆಯಾದೀತೆಂದು ನಾನು ಎಣಿಸಿದ್ದೆ. ಆದರೆ ಅಮ್ಮಣ್ಣಿ ಒಬ್ಬನೇ ಒಬ್ಬ ಗಂಡಸಿನ ಹೆಸರನ್ನು ಹೇಳಲಿಲ್ಲ. ಅವರ ಸ್ಮೃತಿಯಲ್ಲಿ ಆ ಪುರುಷಸಮೂಹವೆಲ್ಲ ಪಾದರಕ್ಷೆಗಳ ರೂಪದಲ್ಲಿ ಶೇಖರವಾಗಿತ್ತು. "ಕಂದು ಬೂಟಿನ ಮಹಾನುಭಾವರು ತಾಯಿ ಸತ್ತ ದಿನ ಬಂದು ಇಡೀ ರಾತ್ರಿ ಮೌನ ಕೂತರು." "ಹಾವಿನ ಚರ್ಮದವರಿಗೆ ಹಾಡು ಬೇಡ, ಹಾಡುವವಳ ಮನೆಗೆ ಹೋಗಿದ್ದೇನೆ ಅನ್ನುವ ಸುದ್ದಿ ಬೇಕು." "ಬಿಳಿ ಬೂಟಿನ ಮಹಾನುಭಾವರು ನಡೆದರೆ ಕಿರ್ ಕಿರ್ ಅಂತ ಎರಡು ಮಾಳಿಗೆ ಕೆಳಗೇ ಗೊತ್ತಾಗ್ತಿತ್ತು, ಅವರು ಮದುವೆ ಆಗುವಾ ಅಂತ ಮೂರು ಸಲ ಕೇಳಿದರು, ಮೂರು ಸಲವೂ ಅವರಿಗೆ ಮದುವೆ ಆಗಿತ್ತು." ಯಾವ ಪ್ರಶ್ನೆಯ ಒತ್ತಡಕ್ಕೂ ಆ ಪರದೆ ಸರಿಯಲಿಲ್ಲ.

ಪರದೆಯ ಮಾತು ಬಂದದ್ದರಿಂದ ಇನ್ನೊಂದು ವಿವರ. ಆ ಕಪಾಟಿನ ತಳದಲ್ಲಿ ಒಂದು ಮಣ್ಣಿನ ಧೂಪಪಾತ್ರೆ ಇತ್ತು. ಅರಬರ ಮನೆಗಳಲ್ಲಿ ಹೊಗೆಯಾಡುವ ಬಖೂರನ್ನು, ಎಂದರೆ ಅಗರು ಮರದ ಚೂರಿನ ಧೂಪವನ್ನು, ನೆರೆಮನೆಯ ಖತೀಜಮ್ಮ ಅವರಿಗೆ ಕಲಿಸಿಕೊಟ್ಟಿದ್ದರು. ಅಮ್ಮಣ್ಣಿ ಅದಕ್ಕೆ ಊರಿನಿಂದ ತರಿಸಿದ ಕೇದಗೆಯ ಒಣ ಎಸಳನ್ನು ಸೇರಿಸಿ ತಮ್ಮದೇ ಒಂದು ಪಾಕ ಮಾಡಿಕೊಂಡಿದ್ದರು. ಅತಿಥಿ ಕುಳಿತಿರುವಷ್ಟು ಹೊತ್ತೂ ಪರದೆಯ ಹಿಂದೆ ಸಣ್ಣ ಹೊಗೆ. "ಈ ಸೆಕೆಯಲ್ಲಿ ಗಂಡಸರ ಬೂಟು ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ," ಎಂದು ಮೂಗು ಮುರಿದರು. "ಹಾಡುವವಳಿಗೆ ಉಸಿರೇ ಬಂಡವಾಳ."

ಹಾಗೆ ಹಲವು ಶುಕ್ರವಾರಗಳು ಕಳೆದ ಮೇಲೆ ಒಂದು ಸಂಜೆ ಅವರು ತಾವಾಗಿಯೇ, ಪ್ರಶ್ನೆಯೇ ಇಲ್ಲದೆ, ಒಂದು ವಾಕ್ಯವನ್ನು ಹೇಳಿದರು. ಆವರೆಗೆ ತಮ್ಮ ಅಕ್ಕನ ಮಗಳೆಂದು ಹೇಳಿಕೊಂಡು ಬಂದಿದ್ದ ಸುಪ್ರೀತಾ, ಅಲ್ ಐನ್‌ನ ಒಂದು ಶಾಲೆಯಲ್ಲಿ ಅಧ್ಯಾಪಕಿಯಾಗಿರುವ ಸುಪ್ರೀತಾ, ತಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು ಎಂಬ ವಾಕ್ಯ. ಎಳೆಮಗುವನ್ನು ಅಕ್ಕನ ಮಡಿಲಿಗೆ ಹಾಕಿ ವಿಮಾನ ಹತ್ತಿದ್ದು, ರಜೆಯಲ್ಲಿ ಬಂದ ಮಗಳು ತಮ್ಮನ್ನು ಚಿಕ್ಕಮ್ಮ ಎಂದು ಕರೆದದ್ದು, ಅದನ್ನು ತಿದ್ದದೆ ಉಳಿದದ್ದು, ತಿದ್ದದ ತಪ್ಪು ವರ್ಷ ಕಳೆದ ಹಾಗೆ ಸತ್ಯದ ಹಾಗೆ ಗಟ್ಟಿಯಾದದ್ದು. ಮಗಳಿಗೆ ದೊಡ್ಡವಳಾದ ಮೇಲೆ ದೊಡ್ಡಮ್ಮನಿಂದಲೇ ನಿಜ ತಿಳಿದಿತ್ತು. ಆದರೂ ಇಬ್ಬರೂ ಆ ನಾಟಕದ ಮಾತುಗಳನ್ನು ತಪ್ಪದೆ ಆಡುತ್ತ ಬಂದಿದ್ದರು. ಮದುವೆಯಾದ ಮೇಲೆ ಮಗಳು ಹಬ್ಬಕ್ಕೊಂದು ಫೋನು ಮಾಡುತ್ತಿದ್ದಳಷ್ಟೆ. ಖಾಲಿದಿಯಾದ ಮನೆಗೆ ಬರುವುದನ್ನು ನಿಲ್ಲಿಸಿದ್ದಳು.

"ಈ ಒಂದು ಮಾತು ಇಲ್ಲದಿದ್ರೆ ನಿಮ್ಮ ಪುಸ್ತಕದಲ್ಲಿ ಇರುವುದು ಬರೀ ಬೂಟು," ಎಂದರು ಅಮ್ಮಣ್ಣಿ. "ಆದ್ರೆ ಅವಳು ಒಪ್ಪದೆ ಆಗ್ಲಿಕ್ಕಿಲ್ಲ. ಅವಳು ಬೇಡ ಅಂದ್ರೆ ಎಲ್ಲ ಅಳಿಸಿ ಬಿಡಿ. ಖಲಾಸ್. ನಾನು ರವಿಕೆ ಹೊಲಿದುಕೊಂಡು ಇರ್ತೇನೆ."

ಹೇಳಿದವರ ಮಾತನ್ನು ಅವರಿಗೇ ಓದಿ ಕೇಳಿಸಬೇಕು, ಅವರು ಬೇಡವೆಂದದ್ದನ್ನು ಅಳಿಸಬೇಕು, ಯಾವ ಮಾತು ಯಾರ ಬದುಕನ್ನು ತಾಗುತ್ತದೋ ಅವರ ಒಪ್ಪಿಗೆಯನ್ನು ಕೇಳಬೇಕು, ಒಬ್ಬರು ನನ್ನಲ್ಲಿ ಆಡಿದ್ದನ್ನು ಇನ್ನೊಬ್ಬರ ಕಿವಿಗೆ ಒಯ್ಯಬಾರದು: ಇವು ನನ್ನ ಕಸುಬಿನ ನಿಯಮಗಳು. ಅಮ್ಮಣ್ಣಿಯವರ ಅನುಮತಿ ಪಡೆದು, ಆ ಒಂದು ಭಾಗವನ್ನಷ್ಟೇ ತೆಗೆದುಕೊಂಡು ಅಲ್ ಐನ್‌ಗೆ ಹೋದೆ. ಶಾಲೆಯ ಹೊರಗಿನ ಖರ್ಜೂರದ ಮರಗಳ ಸಾಲಿನಲ್ಲಿ, ಒಂದು ಕಲ್ಲುಬೆಂಚಿನ ಮೇಲೆ ಕುಳಿತು ಸುಪ್ರೀತಾ ತಮ್ಮ ತಾಯಿಯ ಧ್ವನಿಯನ್ನು ಕಿವಿಗೆ ಹಚ್ಚಿಕೊಂಡು ಕೇಳಿದರು. ಮುಖದಲ್ಲಿ ಏನೂ ಕದಲಲಿಲ್ಲ. ಮುಗಿದ ಮೇಲೆ ಇಯರ್‌ಫೋನಿನ ತಂತಿಯನ್ನು ನೀಟಾಗಿ ಸುತ್ತಿ ನನ್ನ ಕೈಗಿತ್ತರು. ಆ ಸುತ್ತುವಿಕೆಯಲ್ಲಿ ಅಮ್ಮಣ್ಣಿಯವರ ಬೆರಳುಗಳಿದ್ದವು.

"ನನ್ನ ಶಾಲೆ, ನನ್ನ ಗಂಡನ ಮನೆಯವರು, ಅದೆಲ್ಲ ಇದೆ ಸರ್. ಗಂಡ ತಿಲಕ್‌ಗೆ ಮೊದಲೇ ಹೇಳಿದ್ದೇನೆ, ಅವರದು ತೊಂದರೆ ಇಲ್ಲ. ನನ್ನ ಕಷ್ಟ ಬೇರೆ." ತಮ್ಮ ಕಾಲಿನ ಚಪ್ಪಲಿಯನ್ನು ನೋಡಿಕೊಂಡರು. "ರಜೆಗೆ ಬಂದಾಗ ಸಣ್ಣವಳಿದ್ದೆ. ಶೂ ಬಿಚ್ಚಿದ ಕೂಡಲೇ ಎತ್ತಿ ಒಳಗಿಡುತ್ತಿದ್ದರು. ಆ ಪರದೆಯ ಹಿಂದೆ, ಬೇರೆಯವರ ಬೂಟಿನ ಪಕ್ಕ. ಪಕ್ಕದ ಮನೆಯ ಸಕೀನಳ ಚಪ್ಪಲಿ ಹೊರಗೇ ಇರುತ್ತಿತ್ತು. ಅವಳು ಅವರ ಮನೆಯ ಮಗಳು ಅಂತ ಕಾರಿಡಾರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಬಂದದ್ದು ಯಾರಿಗೂ ಗೊತ್ತಾಗಬಾರದಿತ್ತು. ಬಚ್ಚಿಡಬೇಕಾದ ಗಿರಾಕಿಗಳಲ್ಲಿ ನಾನೂ ಒಬ್ಬಳು." ಎದ್ದು ನಿಂತರು. "ಯೋಚನೆ ಮಾಡ್ತೇನೆ ಅಂತ ಚಿಕ್ಕಮ್ಮನಿಗೆ ಹೇಳಿ. ಇಷ್ಟೇ ಹೇಳಿ."

ಇಷ್ಟೇ ಹೇಳಿದೆ. "ಯೋಚನೆ ಮಾಡ್ಲಿ. ಸಾವಕಾಶ ಉಂಟು," ಎಂದರು ಅಮ್ಮಣ್ಣಿ, ನನ್ನ ಮುಖ ನೋಡದೆ, ಸೂಜಿಗೆ ದಾರ ಪೋಣಿಸುತ್ತ. ದಾರ ಹೋಗಲಿಲ್ಲ.

ಈ ನಡುವೆ ಸುದ್ದಿ ಹೊರಬಿತ್ತು. ಅದಕ್ಕೆ ಕಾರಣ ಜುವಾಕಿಂ. ಮಂಗಳೂರಿನವರು, ಬೈಠಕ್ಕುಗಳ ಕಾಲದುದ್ದಕ್ಕೂ ಅಮ್ಮಣ್ಣಿಗೆ ಪೆಡಲಿನ ಹಾರ್ಮೋನಿಯಂ ನುಡಿಸಿದವರು, ಈಗ ಬಿಳಿಗೂದಲಿನ ವಯೋವೃದ್ಧರು. ಯಾರದೋ ಬೆಳ್ಳಿಹಬ್ಬದ ಪಾರ್ಟಿಯಲ್ಲಿ ಅವರು, "ಅಮ್ಮಣ್ಣಿಬಾಯಿಯ ಬುಕ್ ಬರ್ತಾ ಉಂಟು, ಎಲ್ಲ ಉಂಟಂತೆ ಅದರಲ್ಲಿ" ಎಂದು ಹೆಮ್ಮೆಯಿಂದ ಸಾರಿಬಿಟ್ಟರು. ಹೆಸರುಗಳಿಲ್ಲ, ಬರೀ ಬೂಟುಗಳಿವೆ ಎಂಬ ಸಮಾಧಾನದ ವಿವರವನ್ನೂ ಸೇರಿಸಿದರು. ಅದರಿಂದ ಅನಾಹುತ ಇಮ್ಮಡಿಸಿತು. ಆ ಋತುವಿನ ಸಮಾರಂಭಗಳಲ್ಲಿ ನಮ್ಮ ಗಣ್ಯರು ಕೈಕುಲುಕುವ ಮೊದಲು ಒಬ್ಬರ ಕಾಲನ್ನೊಬ್ಬರು ನೋಡತೊಡಗಿದರು. ದಶಕಗಳಿಂದ ಕಂದು ಬೂಟು ಧರಿಸಿದವರೊಬ್ಬರು ಇದ್ದಕ್ಕಿದ್ದಂತೆ ಕಪ್ಪಿಗೆ ಮತಾಂತರಗೊಂಡರು. ಮತ್ತೊಬ್ಬರು, ಅಮ್ಮಣ್ಣಿಯ ಮನೆಯನ್ನು ಎಂದೂ ಕಾಣದವರು, ಹಾವಿನ ಚರ್ಮದ ಬೂಟು ಕೊಂಡು ಮೆಟ್ಟಿಕೊಂಡು ತಿರುಗಿದರು. ಜುವಾಕಿಂರ ವ್ಯಥೆಯೇ ಬೇರೆ.

"ಎಂತ ಅಮ್ಮಣ್ಣಿಬಾಯಿ, ನಾನು ಯಾವಾಗಲೂ ಬರಿಗಾಲಲ್ಲಿ ಪೆಡಲು ಒತ್ತಿದವ. ನನಗೆ ಬೂಟೇ ಇಲ್ಲ. ಹಾಗಾದ್ರೆ ನಾನು ಬುಕ್ಕಿನಲ್ಲಿ ಇಲ್ವಾ?"

"ಶ್ರುತಿಗೆ ಯಾರಾದ್ರೂ ಹೆಸರು ಹಾಕ್ತಾರಾ ಜುವಾಕಿಂ? ಸುಮ್ನಿರು."

ಅದಾದ ಕೆಲವು ವಾರಗಳಿಗೆ, ಒಂದು ಶುಕ್ರವಾರ, ನಾವು ಕೆಲಸಕ್ಕೆ ಕುಳಿತಿರುವಾಗಲೇ ಕರೆಗಂಟೆ ಬಾರಿಸಿತು. ದುಬೈಯಿಂದ ಶಾಮಸುಂದರರು ಸಪತ್ನೀಕರಾಗಿ ಬಂದಿದ್ದರು. ರಾಸ್ ಅಲ್ ಖೋರ್‌ನಲ್ಲಿ ಒಂದು ಗ್ಯಾರೇಜಿನಿಂದ ಆರಂಭಿಸಿ ಬಿಡಿಭಾಗಗಳ ದೊಡ್ಡ ಮಳಿಗೆ ಕಟ್ಟಿದ ಅವರು ಆಗ ಒಂದು ಕನ್ನಡ ಕೂಟದ ಅಧ್ಯಕ್ಷರಾಗಿದ್ದರು. ಕೂಟದ ವಾರ್ಷಿಕೋತ್ಸವದಲ್ಲಿ ಅಮ್ಮಣ್ಣಿಯವರನ್ನು ಸನ್ಮಾನಿಸುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತ್ತು. ಸನ್ಮಾನಕ್ಕೆ ದಂಪತಿಗಳೇ ಮನೆಗೆ ಬಂದು, ಕುಂಕುಮವಿಟ್ಟು, ಹಣ್ಣು ಕೊಟ್ಟು ಕರೆಯಬೇಕೆಂಬ ಪದ್ಧತಿಯನ್ನು ಈ ಕೂಟದವರು ಸಮುದ್ರ ದಾಟಿದ ಮೇಲೆ ಊರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದರು. ಆ ಪದ್ಧತಿಯೇ ಅಂದು ಅವರ ಕಾಲಿಗೆ ತೊಡರಿತು.

ಬಾಗಿಲು ತೆರೆದಿತ್ತು. ಅಮ್ಮಣ್ಣಿ ಮೊಣಕಾಲು ಹಿಡಿದುಕೊಂಡು ಏಳುವುದಕ್ಕೆ ಮೊದಲೇ ಶಾಮಸುಂದರರು, ಹಣ್ಣಿನ ಬುಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ಸಮಿತಿಯ ತೀರ್ಮಾನವನ್ನು ನಿರರ್ಗಳವಾಗಿ ಹೇಳುತ್ತಲೇ ಬಗ್ಗಿ ಬೂಟು ಬಿಚ್ಚಿ, ಎರಡು ಬೆರಳಿನಲ್ಲಿ ಎತ್ತಿಕೊಂಡು, ನೋಡದೆಯೇ ಬಾಗಿಲ ಹಿಂದಕ್ಕೆ ಸರಿದು, ಹಸಿರು ಪರದೆಯನ್ನು ಸರಿಸಿ, ಮೇಲಿನ ಹಲಗೆಯ ಎಡಮೂಲೆಯಲ್ಲಿ ಇರಿಸಿ, ಪರದೆಯನ್ನು ಮೊದಲಿನಂತೆ ಎಳೆದುಬಿಟ್ಟರು. "...ಆದ್ದರಿಂದ ಕನ್ನಡ ಸಂಸ್ಕೃತಿಗೆ ತಮ್ಮ ಕೊಡುಗೆ..." ಎಂಬಲ್ಲಿಗೆ ಅವರ ವಾಕ್ಯ ನಿಂತಿತು. ಕೈ ಇನ್ನೂ ಪರದೆಯ ಮೇಲಿತ್ತು.

ಪತ್ನಿ ವಾರಿಜ ಹೊಸ್ತಿಲ ಹೊರಗೆ ಬುಟ್ಟಿ ಹಿಡಿದು ನಿಂತಿದ್ದರು. ಅಷ್ಟು ದೂರದಿಂದ ಬಂದು ಅಮ್ಮಣ್ಣಿಯ ಅಂಗಡಿಯಲ್ಲಿ ವರ್ಷಗಳಿಂದ ರವಿಕೆ ಹೊಲಿಸಿಕೊಂಡವರು, ಮೇಲಿನ ಈ ಮನೆಗೆ ಎಂದೂ ಬಾರದವರು. ಅವರು ಗಂಡನನ್ನು ನೋಡಿದರು, ಪರದೆಯನ್ನು ನೋಡಿದರು, ಮೂಗರಳಿಸಿ ಒಮ್ಮೆ ಉಸಿರೆಳೆದರು. ನಂತರ ನಿಧಾನವಾಗಿ ತಮ್ಮ ಚಪ್ಪಲಿಯನ್ನು ಕಾರಿಡಾರಿನಲ್ಲಿ, ಆ ಬೋಳು ಕಾಲೊರಸಿನ ನಟ್ಟನಡುವೆ ಬಿಟ್ಟರು.

"ನನ್ನದು ಹೊರಗೇ ಇರ್ಲಿ ಅಕ್ಕ," ಎಂದರು.

ಅಮ್ಮಣ್ಣಿ ಬೆಳ್ಳಗಾಗಿದ್ದರು. ಮೂವತ್ತಕ್ಕೂ ಮಿಕ್ಕಿದ ವರ್ಷ ಕಾಪಾಡಿದ ಒಂದು ವ್ರತ ಅವರ ಕಣ್ಣೆದುರಿಗೇ, ವ್ರತದ ಫಲಾನುಭವಿಯ ಕೈಯಿಂದಲೇ ಭಂಗವಾಗಿತ್ತು. "ಕೂತ್ಕೊಳ್ಳಿ ವಾರಿಜಮ್ಮ, ಅದು ಹಾಗಲ್ಲ..." ಎಂದು ಏನೋ ಹೇಳಹೊರಟರು.

"ಹಾಗೇ," ಎಂದರು ವಾರಿಜ, ಕುಳಿತುಕೊಳ್ಳುತ್ತ. "ಅಕ್ಕ, ಈ ದೇಶದಲ್ಲಿ ಕೇದಗೆ ಬೆಳೆಯುವುದಿಲ್ಲ. ಇವರ ಬೂಟಿನಲ್ಲಿ ಮಾತ್ರ ಬೆಳೀತಿತ್ತು. ರಾತ್ರಿ ಕಿರ್ ಕಿರ್ ಅಂತ ಮನೆಗೆ ಬಂದು ಬಿಚ್ಚಿಟ್ಟರೆ ಇಡೀ ಮನೆ ಘಮ ಘಮ. ಮೀಟಿಂಗ್ ಇತ್ತು ಅಂತಿದ್ರು. ಯಾವ ಮೀಟಿಂಗಿನಲ್ಲಿ ಬೂಟಿಗೆ ಧೂಪ ಹಾಕ್ತಾರೆ?"

ಶಾಮಸುಂದರರು ಗಂಟಲು ಸರಿಪಡಿಸಿದರು. "ವಾರಿಜಾ, ಈಗ ಆ ವಿಷಯ..."

"ನೀವು ಬುಟ್ಟಿ ಹಿಡ್ಕೊಳ್ಳಿ." ಬುಟ್ಟಿ ಅವರ ತೊಡೆಗೆ ಬಂತು. "ನನಗೆ ಒಬ್ಬಳಿಗೇ ಅಲ್ಲ ಅಕ್ಕ. ಆಗಿನ ನಮ್ಮ ಹೆಂಗಸರಿಗೆಲ್ಲ ಗೊತ್ತಿತ್ತು. ಪಾರ್ಟಿಗೆ ಹೋದ್ರೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಒಮ್ಮೆ ಬಗ್ಗಿದ್ರೆ ಸಾಕು, ಯಾರ ಮನೆಯವರು ನಿನ್ನೆ ಎಲ್ಲಿದ್ರು ಅಂತ."

"ಗೊತ್ತಿದ್ದೂ ನನ್ನ ಹತ್ತಿರ ರವಿಕೆ ಹೊಲಿಸ್ಲಿಕ್ಕೆ ಬಂದ್ರಾ?" ಅಮ್ಮಣ್ಣಿಯ ದನಿ ಇಳಿದಿತ್ತು.

"ಬೆನ್ನಿನ ಕಟ್ ನಿಮ್ಮ ಹಾಗೆ ಬೇರೆ ಯಾರಿಗೆ ಬರ್ತದೆ?" ಎಂದು ನಕ್ಕ ವಾರಿಜರ ನಗೆ ಅರ್ಧದಲ್ಲಿ ಕುಂದಿತು. "ಕೋಪ ಇರ್ಲಿಲ್ಲ ಅಂತ ಹೇಳುವುದಿಲ್ಲ. ಒಂದ್ಸಲ ಆ ಬಿಳಿ ಬೂಟನ್ನು ಕಸದ ಡಬ್ಬಕ್ಕೆ ಹಾಕಿದ್ದೆ. ಕಳ್ಳ ಬಂದ ಅಂತ ಇವರು ವಾಚ್‌ಮನ್‌ಗೆ ಬೈದ್ರು. ಆದ್ರೆ ಒಂದು ಹೇಳ್ತೇನೆ. ನೀವು ಅಂಗಡಿಯಲ್ಲಿ ನನ್ನ ಅಳತೆ ತೆಗೆಯುವಾಗ ಒಂದು ದಿನ ಆದ್ರೂ, ಒಂದು ನೋಟದಲ್ಲಿ ಆದ್ರೂ, ನಿನ್ನ ಗಂಡ ನನಗೆ ಗೊತ್ತು ಅಂತ ತೋರಿಸಿದ್ರೆ ನಾನು ಮತ್ತೆ ಬರ್ತಿರ್ಲಿಲ್ಲ. ನೀವು ತೋರಿಸ್ಲಿಲ್ಲ. ಅದು ನೆನಪುಂಟು."

ಶಾಮಸುಂದರರು, ಅಧ್ಯಕ್ಷರ ಕರ್ತವ್ಯವನ್ನು ಹೇಗಾದರೂ ಪೂರೈಸಬೇಕೆಂಬ ಛಲದಿಂದ, ಬುಟ್ಟಿಯ ಹಿಂದಿನಿಂದಲೇ ಹೇಳಿದರು: "ಸನ್ಮಾನ ಒಪ್ಪಿಕೊಂಡು, ಆ ಪುಸ್ತಕದ ವಿಷಯ ಸ್ವಲ್ಪ ಮುಂದೆ ಹಾಕಿದ್ರೆ..."

"ಶಾಲು ಹೊದೆಸುವುದು ಹೆಗಲಿಗೆ ಮಾರಾಯ್ರೆ," ಎಂದರು ಅಮ್ಮಣ್ಣಿ. "ಬಾಯಿಗೆ ಅಲ್ಲ."

ವಾರಿಜ ಎದ್ದು, ಕುಂಕುಮದ ಭರಣಿ ತೆರೆದು, ಅಮ್ಮಣ್ಣಿಯ ಹಣೆಗೆ ತಾವೇ ಇಟ್ಟರು. "ಪುಸ್ತಕ ಓದುವ ದಿನ ನನಗೂ ಹೇಳಿ. ಬಿಳಿ ಬೂಟಿನ ಕತೆ ಇವರ ಬಾಯಲ್ಲಿ ಎಂದೂ ಪೂರ್ತಿ ಕೇಳ್ಲಿಲ್ಲ."

ಅವರು ಹೋದ ಮೇಲೆ ಅಮ್ಮಣ್ಣಿ ಗೋಡೆಗೊರಗಿ ಆ ಪರದೆಯನ್ನೇ ನೋಡುತ್ತ ಕುಳಿತರು. ರೆಕಾರ್ಡರ್ ನಿಲ್ಲಿಸಲೇ ಎಂದು ಕೇಳಿದೆ, ಬೇಡವೆಂದು ಕೈಯಾಡಿಸಿದರು. ಆ ದಿನದ ಮುದ್ರಣದಲ್ಲಿ ಕೆಳಗಿನ ರಸ್ತೆಯ ಹಾರನ್ನುಗಳಿವೆ, ಅನಂತರ ಅವರ ದನಿಯಿದೆ.

"ಇಷ್ಟು ವರ್ಷ ನಾನು ಕಾವಲು ಕೂತದ್ದು ತೆರೆದ ಬಾಗಿಲಿಗೆ ಮಾಸ್ಟ್ರೇ. ಊರಿಗೆಲ್ಲ ಗೊತ್ತಿತ್ತು. ಗಂಡಸರದ್ದು ಹೋಗ್ಲಿ, ಅವರಿಗೆ ಅದೇ ಬೇಕಿತ್ತು. ಆ ಮಗುವಿನ ಶೂ ಕೂಡ ಒಳಗಿಡ್ತಿದ್ದೆ. ಸಣ್ಣ ಶೂ, ಮೇಲೆ ಒಂದು ಕೆಂಪು ಬೋ ಇತ್ತು. ಯಾರಾದ್ರೂ ನೋಡಿ, ಹಾಡುವವಳ ಮನೆಯಲ್ಲಿ ಮಗು ಉಂಟಾ ಅಂತ ಕೇಳಿದ್ರೆ ಎಂತ ಹೇಳುವುದು ಅಂತ ಹೆದರಿಕೆ. ಅವಳು ಬಾಗಿಲ ಹತ್ತಿರ ನಿಂತು ನೋಡ್ತಿದ್ದಳು. ಒಂದು ದಿನವೂ ಕೇಳ್ಲಿಲ್ಲ. ಕೇಳದ ಮಕ್ಕಳಿಗೆ ಎಲ್ಲ ಗೊತ್ತಿರ್ತದೆ, ಅಲ್ವಾ?"

ಅಲ್ ಐನ್‌ನ ಕಲ್ಲುಬೆಂಚಿನ ಮೇಲೆ ಕೇಳಿದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಿಯಮ ನನ್ನ ಬಾಯಿ ಕಟ್ಟಿತ್ತು. ಈಗ ಯೋಚಿಸಿದರೆ ಅದು ಒಳ್ಳೆಯದೇ ಆಯಿತೆನ್ನಿಸುತ್ತದೆ. ಅವರು ತಾವಾಗಿಯೇ ಆ ಬಾಗಿಲ ಬಳಿಗೆ ಬಂದು ತಲುಪಿದ್ದರು. ಫೋನು ಎತ್ತಿಕೊಂಡು, ಕೋಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮಗಳ ಸಂಖ್ಯೆಯನ್ನು ಒತ್ತಿದರು. "ಸುಪ್ರೀತಾ, ಬರುವ ತಿಂಗಳು ಮೊದಲ ಶುಕ್ರವಾರ ಮಾಸ್ಟ್ರು ಇಡೀ ಪುಸ್ತಕ ಓದ್ತಾರೆ. ನೀನು ಬಂದ್ರೆ ಆ ಮಾತನ್ನೂ ಓದ್ತಾರೆ. ಬರದಿದ್ರೆ ಏನೂ ಓದುವುದಿಲ್ಲ. ಕೋಪ ಇಲ್ಲ ಮಗಾ." ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಲಿಲ್ಲ. ಉತ್ತರ ಚಿಕ್ಕದಾಗಿತ್ತು.

ಆ ಶುಕ್ರವಾರ ನಾನು ಹೋದಾಗ ಬಾಗಿಲ ಹಿಂದೆ ಗೋಡೆಯ ಮೇಲೆ ಒಂದು ಚೌಕಾಕಾರದ ಬಿಳಿ ಗುರುತು ಮಾತ್ರ ಇತ್ತು. ಕಪಾಟು ಇರಲಿಲ್ಲ. ಕೆಳಗಿನ ಅಲಿಯಬ್ಬನವರ ಗ್ರೋಸರಿಯಲ್ಲಿ ಅದು ಆಗಲೇ ಈರುಳ್ಳಿ, ಬೆಳ್ಳುಳ್ಳಿಗಳನ್ನು ಹೊತ್ತು ನಿಂತಿರುವುದನ್ನು ಬರುವಾಗ ಕಂಡಿದ್ದೆ, ಗುರುತಿಸಿರಲಿಲ್ಲ. ಹಸಿರು ಪರದೆ ಹೊಲಿಗೆ ಯಂತ್ರದ ಹೊದಿಕೆಯಾಗಿತ್ತು. ನನ್ನ ಚಪ್ಪಲಿ, ಮೊತ್ತಮೊದಲ ಬಾರಿಗೆ, ಕಾರಿಡಾರಿನಲ್ಲಿ ಉಳಿಯಿತು. ವಾರಿಜ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು. ಶಾಮಸುಂದರರು ಕೆಳಗೆ ಕಾರಿನಲ್ಲಿ ಕೂರುತ್ತೇನೆಂದು ಹೇಳಿ, ಸ್ವಲ್ಪ ಹೊತ್ತಿಗೆ ಲಿಫ್ಟಿನಲ್ಲಿ ಮೇಲೆ ಬಂದು, ಬೂಟನ್ನು ಹೆಂಡತಿಯ ಚಪ್ಪಲಿಯ ಪಕ್ಕದಲ್ಲಿ ಬಿಚ್ಚಿ, ಕೊನೆಯ ಕುರ್ಚಿಯಲ್ಲಿ ಕುಳಿತರು. ಜುವಾಕಿಂ ಅಂದು ಹೊಚ್ಚಹೊಸ ಬೂಟು ಹಾಕಿಕೊಂಡು ಬಂದಿದ್ದರು. ಎಲ್ಲರಿಗೂ ಕಾಣುವಂತೆ ಬಾಗಿಲ ಮುಂದೆಯೇ ಬಿಚ್ಚಿಟ್ಟರು.

ಹೇಳಿದ ಹೊತ್ತು ಮೀರಿತು. ಅಮ್ಮಣ್ಣಿ ಚಹಾ ಕೊಟ್ಟರು, ಮತ್ತೆ ಕೊಟ್ಟರು. "ಶುರು ಮಾಡುವುದಾ?" ಎಂದು ಜುವಾಕಿಂ ಕೇಳಿದಾಗ, "ಶ್ರುತಿ ಸೇರ್ಲಿ," ಎಂದರು. ಹಸ್ತಪ್ರತಿಯನ್ನು ಚೀಲಕ್ಕೆ ಹಿಂದಿರುಗಿಸಬೇಕಾದೀತೆಂದು ನಾನು ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದೆ.

ಸುಪ್ರೀತಾ ಬಂದದ್ದು ಆಗ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಬಿಚ್ಚಿ, ಬಗ್ಗಿ ಅದನ್ನು ಕೈಗೆತ್ತಿಕೊಂಡು, ಬಾಲ್ಯದಲ್ಲಿ ಕಂಡ ಅಭ್ಯಾಸ ಒಯ್ದ ಕಡೆಗೆ, ಬಾಗಿಲ ಹಿಂದಕ್ಕೆ ತಿರುಗಿದರು. ಅಲ್ಲಿ ಗೋಡೆಯ ಬಿಳಿ ಗುರುತಷ್ಟೇ ಇತ್ತು. ಚಪ್ಪಲಿ ಹಿಡಿದು ನಿಂತರು. ಕೋಣೆಯಲ್ಲಿ ಎಲ್ಲರೂ ನೋಡುತ್ತಿದ್ದರು.

"ಕಪಾಟು ಇಲ್ಲ ಮಗಾ," ಎಂದರು ಅಮ್ಮಣ್ಣಿ ಕುಳಿತಲ್ಲಿಂದಲೇ. "ಹೊರಗೇ ಇಡು. ನಡುವಿನಲ್ಲಿ ಇಡು. ಕಾಣ್ಲಿ."

ಸುಪ್ರೀತಾ ಹೊರಗೆ ಹೋದರು. ಒಂದು ಜತೆ ಚಪ್ಪಲಿ ಇಡಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು. ಮರಳಿ ಬಂದು, ಖಾಲಿಯಿದ್ದ ಕುರ್ಚಿಯನ್ನು ದಾಟಿ, ಅಮ್ಮಣ್ಣಿ ಕುಳಿತ ಚಾಪೆಯ ಮೇಲೆ, ಅವರ ನೋವಿನ ಮೊಣಕಾಲಿನ ಪಕ್ಕಕ್ಕೆ ಕುಳಿತರು.

ನಾನು ಓದಿದೆ. ಗೊರಕೆಯ ಶ್ರುತಿಗೆ ಎಲ್ಲರೂ ನಕ್ಕರು, ಕಂದು ಬೂಟಿನವರ ಮೌನಕ್ಕೆ ಯಾರೋ ಮೂಗೊರೆಸಿಕೊಂಡರು, ಬಿಳಿ ಬೂಟಿನ ಮೂರನೆಯ ವಿವಾಹಪ್ರಸ್ತಾಪ ಬಂದಾಗ ವಾರಿಜ ಗಂಡನತ್ತ ಹಿಂತಿರುಗಿ ನೋಡಿ, "ಮೂರು ಸಲವಾ? ನನ್ನನ್ನು ಒಂದೇ ಸಲ ಕೇಳಿದ್ದು ನೀವು," ಎಂದರು. ಕೊನೆಗೆ ಆ ಪುಟ ಬಂತು. "ಎಲ್ಲರೂ ನನ್ನ ಅಕ್ಕನ ಮಗಳೆಂದು ತಿಳಿದವಳು ನನ್ನ ಮಗಳು" ಎಂದು ಓದಿ, ನಿಯಮದಂತೆ ನಿಲ್ಲಿಸಿ, ತಲೆಯೆತ್ತಿದೆ.

"ಸರ್, ಒಂದು ತಿದ್ದುಪಡಿ," ಎಂದರು ಸುಪ್ರೀತಾ. ಪಾಠ ಒಪ್ಪಿಸುವವರ ಹಾಗೆ ಬೆನ್ನು ನೇರ ಮಾಡಿ ಕುಳಿತಿದ್ದರು. "ಈ ಪುಸ್ತಕದಲ್ಲಿ ಯಾರಿಗೂ ಹೆಸರಿಲ್ಲ. ಎಲ್ಲ ಬೂಟು. ನನ್ನನ್ನು ಹಾಗೆ ಬಿಡಬೇಡಿ. ಹೆಸರು ಹಾಕಿ. ನನ್ನ ಮಗಳು ಸುಪ್ರೀತಾ ಅಂತ ಅಮ್ಮ ಹೇಳಿದ್ದು ಅಂತಲೇ ಬರೀರಿ."

ಅಮ್ಮ ಎಂಬ ಆ ಶಬ್ದ ವಾಕ್ಯದ ನಡುವೆ ಎಷ್ಟು ಸಹಜವಾಗಿ ಬಂದು ಹೋಯಿತೆಂದರೆ, ಕೋಣೆಯಲ್ಲಿ ಕೆಲವರು ಅದನ್ನು ಗಮನಿಸಲೇ ಇಲ್ಲ. ಅಮ್ಮಣ್ಣಿ ಗಮನಿಸಿದರು. ಅವರ ಕೈ ಕೋಟಿನ ಜೇಬಿಗಿಳಿದು, ಏಲಕ್ಕಿ ಡಬ್ಬಿಯನ್ನು ಹುಡುಕಿ ತೆಗೆದು, ಮುಚ್ಚಳ ತೆರೆಯಲಾರದೆ ಮಗಳ ಮುಂದೆ ಹಿಡಿಯಿತು. ಮಗಳು ತೆರೆದುಕೊಟ್ಟರು.

"ಹಾಗಾದ್ರೆ ನನ್ನದೂ ಹಾಕ್ಲಿ," ಎಂದರು ಜುವಾಕಿಂ. "ಎರಡು ಹೆಸರು ಇದ್ರೆ ಪುಸ್ತಕ ಏನು ಭಾರ ಆಗ್ಲಿಕ್ಕಿಲ್ಲ."

ಎರಡೂ ಹೆಸರುಗಳು ಪುಸ್ತಕದಲ್ಲಿವೆ.

ಅಮ್ಮಣ್ಣಿಯವರಂಥ ಸ್ತ್ರೀಯರನ್ನು ಸಭ್ಯ ಸಮಾಜವು ಪರರ ರಹಸ್ಯಗಳ ಭಂಡಾರವೆಂದು ಬಗೆದು, ಅವರು ಬಾಯಿ ತೆರೆದ ದಿನ ಊರೇ ಉರಿದುಹೋದೀತೆಂದು ಅಂಜುತ್ತ ಬಂದಿದೆ. ಹಲವು ವರ್ಷ ಹಲವರ ಎದುರು ರೆಕಾರ್ಡರ್ ಇಟ್ಟುಕೊಂಡು ಕುಳಿತ ನನ್ನ ಅನುಭವ ಹೇಳುವುದು ಇಷ್ಟು: ಇಂಥವರು ಅಂತೂ ಬಾಯಿ ತೆರೆದಾಗ ಅದರಿಂದ ಹೊರಬರುವ ಹಗರಣ ಅತ್ಯಲ್ಪ, ಅದೂ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದು; ಪರರ ಮಾನವನ್ನು ಆಯುಷ್ಯವಿಡೀ ಪರದೆಯ ಹಿಂದೆ ಕಾಯ್ದವರಿಗೆ ತಮ್ಮದೆಂದು ಉಳಿದಿರುವುದು ಕೂಗಿ ಕರೆಯಬೇಕೆಂದಿದ್ದ ಯಾವುದೋ ಒಂದು ಹೆಸರು ಮಾತ್ರ. ಅದನ್ನು ಕರೆಯಲು ಒಂದು ಬಾಗಿಲು ಬೇಕು, ಹೊರಗೆ ನಾಲ್ಕು ಜತೆ ಚಪ್ಪಲಿ ಬೇಕು, ಅದನ್ನು ಕಂಡು ನೆರೆಮನೆಯವರು ಇವತ್ತು ಇವರ ಮನೆಗೆ ಯಾರೋ ಬಂದಿದ್ದಾರೆ ಎಂದುಕೊಳ್ಳಬೇಕು. ಆ ಸಂಜೆ ಹೊರಡುವಾಗ ಕಾರಿಡಾರಿನ ರಾಶಿಯಲ್ಲಿ ನನ್ನ ರಬ್ಬರು ಚಪ್ಪಲಿಯನ್ನು ಹುಡುಕಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.